ಕಲಬುರಗಿಯೊಳಗ ಹೊಟ್ಟಿ ಸ್ಕ್ಯಾನಿಂಗ್ ಮಾಡ್ಸಿದ್ವಿ, ಡಾಕ್ಟರ್ ತಾಳ್ಮಿಗೆ ಪೂರಾ ಐದು ಸ್ಟಾರ್

ನಮ್ಮ ಅಕ್ಕನ ಮಗಳು ಒಂಬತ್ತು ವರ್ಷದಾಕಿ, ಚಿತ್ತಾಪುರ ಕಡೆ ಹಳ್ಳಿಯಾಗ ಇರ್ತಾಳ. ಹತ್ತು ದಿನ ಜ್ವರ, ಚಳಿ ಹತ್ತಿ ಗಡಗಡ ನಡಗೋದು, ಬಲಗಡಿ ಪಕ್ಕೆಲುಬಿನ ಕೆಳಗ ಕೈ ಇಟ್ರ ಸಾಕು ಚೀರ್ತಿದ್ಳು. ಮೊದಲ ತೋರ್ಸಿದಲ್ಲಿ ಟೈಫಾಯಿಡ್ ಅಂತ ಬರೇ ಸಲಾಯಿನ್ ಹಚ್ಚಿದ್ರು, ಸ್ಕ್ಯಾನ್ ಮಾಡಸ್ರಿ ಅಂತ ಒಬ್ರೂ ಅನ್ಲಿಲ್ಲ, ಆ ಹತ್ತು ದಿನ ನೆನಸ್ಕೊಂಡ್ರ ಇನ್ನಾ ಸಂಕಟ ಆಗ್ತದ.

ಆಮ್ಯಾಲ ಪರಿಚಯದವ್ರು ಹೇಳಿದ್ರಂತ ಕಲಬುರಗಿಗೆ ಕರ್ಕೊಂಡು ಬಂದು ಈ ಸೆಂಟರ್‌ಗೆ ಹೋದ್ವಿ. ಮಂದಿ ಭಾಳ, ಕುರ್ಚಿ ಕಮ್ಮಿ, ಎರಡು ತಾಸು ನಿಂತ್ವಿ, ಅದೊಂದು ಸುಧಾರಿಸ್ಬೇಕು. ಆದ್ರ ಒಳಗ ಹೋದ ಮ್ಯಾಲ ಡಾಕ್ಟರ್ ಮೇಡಂ ಅವಸರ ಮಾಡ್ಲೇ ಇಲ್ರಿ. ಲಿವರ್‌ನಾಗ ಕೀವು ತುಂಬಿದ್ದು ಲಗೂನ ಕಾಣಿಸ್ತು, ಅಷ್ಟಕ್ಕ ರಿಪೋರ್ಟ್ ಬರದು ಕಳಿಸಬಹುದಿತ್ತು, ಆದ್ರ ಅವ್ರು ಕೂಸಿಗೆ ಮಗ್ಗಲಾ ಬದಲ್ಸಿ ಮತ್ತ ಮತ್ತ ನೋಡಿ, ಪಿತ್ತದ ನಾಳದಾಗ ಉದ್ದಕ ದಾರದಂಗ ಒಂದು ಅಲಗಾಡೋದು ನನಗೇ ಸ್ಕ್ರೀನ್ ಮ್ಯಾಲ ತೋರ್ಸಿದ್ರು. ಜಂತುಹುಳ! ಜೀವ ಇದ್ದದ್ದು! ನನಗ ಕೈಕಾಲು ತಣ್ಣಗಾದ್ವು.

ಅವ್ರು ಕನ್ನಡದಾಗೇ ತಿಳಿಸಿ ಹೇಳಿದ್ರು. ಈ ಹುಳ ಇರೋದು ಸಣ್ಣ ಕರುಳಿನಾಗ, 15 ರಿಂದ 35 ಸೆಂಟಿಮೀಟರ್ ತನಕ ಬೆಳಿತಾವ, ಕೆಲವೊಮ್ಮೆ ಪಿತ್ತ ಇಳಿಯೋ ತೂತಿನಾಗ ಹೊಕ್ಕು ಮ್ಯಾಲ ಏರ್ತಾವ, ಏರುವಾಗ ಕರುಳಿನ ಬ್ಯಾಕ್ಟೀರಿಯಾನೂ ಜೋಡಿಗೆ ಒಯ್ತಾವ, ಅದ್ರಿಂದ ಕೀವು ಆಗ್ತದ ಅಂತ. ನಮ್ಮ ಕಡೆ ಲಿವರ್‌ನಾಗ ಕೀವು ಅಂದ್ರ ಕುಡಿಯೋರಿಗೇ ಬರೋದು ಅಂತಾರಲ್ಲ, ಅದನ್ನೂ ಕೇಳ್ದೆ. ದೊಡ್ಡವ್ರಾಗ ಭಾಳ ಮಟ್ಟಿಗೆ ಅಮೀಬಾದಿಂದ ಆಗ್ತದಂತ, ಅಮೀಬಾ ಹುಳ ಅಲ್ಲ, ಕಣ್ಣಿಗೇ ಕಾಣಂಗಿಲ್ಲ, ಅದ್ರ ಔಷಧನೂ ಬ್ಯಾರೆ, ಅದಕ್ಕ ಯಾವ್ದರಿಂದ ಆಗ್ಯದ ಅಂತ ಪತ್ತೆ ಹಚ್ಚಿ ನೋಡೋದು ಮುಖ್ಯ ಅಂದ್ರು.

ಅವತ್ತೇ ದವಾಖಾನಿಗೆ ಅಡ್ಮಿಟ್ ಮಾಡಿದ್ವಿ. ಸ್ಕ್ಯಾನ್ ನೋಡ್ಕೋತ ಸೂಜಿ ಹಾಕಿ ಕೀವು ತಗದ್ರು, ಆಂಟಿಬಯಾಟಿಕ್ ಕೊಟ್ರು. ಮೂರು ವಾರ ಬಿಟ್ಟು ಅದೇ ಮೇಡಂ ಹತ್ರ ಮತ್ತ ಸ್ಕ್ಯಾನ್ ಮಾಡ್ಸಿದ್ರ ನಾಳದಾಗ ಹುಳ ಇಲ್ಲ, ತಾನೇ ವಾಪಸ್ ಕರುಳಿಗೆ ಇಳದಿತ್ತು, ಇಲ್ಲಂದ್ರ ಎಂಡೋಸ್ಕೋಪಿ ಹಾಕಿ ತಗೀಬೇಕಿತ್ತಂತ. ಕೀವಿನ ಜಾಗ ಸಣ್ಣದಾಗ್ಯದ, ಪೂರಾ ಮಾಯಾಕ ಇನ್ನೂ ಟೈಮ್ ಹಿಡೀತದ.

ಒಂದು ಮಾತು ನನಗ ಭಾಳ ಚುಚ್ಚಿತು. ಶಾಲಿಯಾಗ ಜಂತುಹುಳದ ಗುಳಿಗಿ ನುಂಗ್ಸಿದ್ರೇನು ಅಂತ ಮೇಡಂ ಕೇಳಿದ್ರು. ಫೆಬ್ರುವರಿ 10ಕ್ಕ ಅಲ್ಬೆಂಡಜೋಲ್ ಕೊಡೋ ದಿನ ಈಕಿ ನಮ್ಮ ಮನ್ಯಾಗೇ ಇದ್ಳು, ಜಾತ್ರಿ ಅಂತ ನಾನೇ ಶಾಲಿ ಬಿಡ್ಸಿದ್ದೆ. ತಪ್ಪಿದ ಮಕ್ಕಳಿಗೆ ಆಮ್ಯಾಲ ಮತ್ತ ಕೊಡ್ತಾರ, ನಾವು ಕೇಳ್ಲೇ ಇಲ್ಲ.

ಹೋಗೋರು ಖಾಲಿ ಹೊಟ್ಟಿಲೆ ಮುಂಜಾನೆ ಲಗೂ ಹೋಗ್ರಿ, ಹಳೀ ರಿಪೋರ್ಟ್ ಎಲ್ಲಾ ಒಯ್ರಿ, ಮೇಡಂ ಒಂದೊಂದೂ ಓದತಾರ.