710 ಶಿಕ್ಕಾ ನೋಡಿ ಪ್ಲೈವುಡ್ ತಂದವನ ಗತಿ

ವಾಷಿಂಗ್ ಮಷಿನ್ ಪಕ್ಕದ ಕಪಾಟಿನ ಬಾಗಿಲು ಮೊನ್ನೆ ಕಿತ್ತು ನನ್ನ ಕಾಲ ಮೇಲೆ ಬಿತ್ತು. ಕಪಾಟು ಮಾಡಿ ಇನ್ನೂ ಹನ್ನೊಂದು ತಿಂಗಳು. ಮಾಡಿದವನು ನಾನೇ, ಹಾಗಾಗಿ ಬಡಿಗೇರನ್ನು ಬೈಯುವ ಸುಖವೂ ಇಲ್ಲ. ಹೆಬ್ಬೆರಳ ಉಗುರು ಕಪ್ಪಾಗಿದೆ. ಮನೆಯಲ್ಲೇ ಇಂಥ ಕೆಲಸಕ್ಕೆ ಕೈ ಹಾಕುವವರು ಮರ ತರೋ ಮೊದಲು ಇದನ್ನು ಓದಿಕೊಳ್ಳಿ.

ನಮ್ಮದು ಧಾರವಾಡ. ಹಿತ್ತಲ ಕಡೆಯ ಸಣ್ಣ ಕೋಣೆಯೇ ಬಟ್ಟೆ ಒಗೆಯುವ ಜಾಗ. ನಮ್ಮ ಓಣಿಗೆ ಐದಾರು ದಿನಕ್ಕೊಮ್ಮೆ ನೀರು ಬರುತ್ತದೆ. ಬಂದ ದಿನ ಮಷಿನ್‌ಗೆ ಪುರಸೊತ್ತಿಲ್ಲ, ನಾಲ್ಕು ಸಲ ತಿರುಗುತ್ತದೆ. ಬ್ಯಾರಲ್ ತುಂಬಿ ಹರಿದು ನೆಲವೆಲ್ಲ ಒದ್ದೆ. ಅದರ ಮೇಲೆ ಜುಲೈ–ಆಗಸ್ಟ್‌ನ ಜಿಟಿಜಿಟಿ ಮಳೆ. ಹುಬ್ಬಳ್ಳಿಯಲ್ಲಿ ಬಿಸಿಲಿದ್ದರೂ ಇಲ್ಲಿ ಬಟ್ಟೆ ಒಣಗುವುದಿಲ್ಲ, ಗೋಡೆ ಮುಟ್ಟಿದರೆ ತಂಪು. ಇಂಥ ಕೋಣೆಗೆ ಎಂಥ ಮರ ಬೇಕು ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ನೀರು ತಾಳುವ ಮರೈನ್ ಪ್ಲೈವುಡ್ಡೇ ಬೇಕು ಅಂತ ಕೇಳಿಕೊಂಡೇ ಹೋಗಿದ್ದೆ.

ಹುಬ್ಬಳ್ಳಿಯ ಒಂದು ಅಂಗಡಿ. ನಾಲ್ಕು ಕಡೆ ಕೇಳಿದಾಗ ಚದರಡಿಗೆ ನೂರು ದಾಟಿತ್ತು, ಇಲ್ಲಿ 72 ರೂಪಾಯಿ. ಶೀಟಿನ ಮೂಲೆಯಲ್ಲಿ ದುಂಡನೆಯ ಶಿಕ್ಕಾ, ನಡುವೆ ದಪ್ಪಗೆ 710, ಅಂದರೆ ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕದ (ಐಎಸ್) ಸಂಖ್ಯೆ. ಮೈಯೆಲ್ಲ ಕೆಂಪು. ಅಂಗಡಿಯವರು ಗೆಣ್ಣಿನಿಂದ ಟಕಟಕ ಬಾರಿಸಿ, "ಹೊಳಿಯಾಗ ಒಗದ್ರೂ ಏನೂ ಆಗಂಗಿಲ್ರೀ" ಅಂದರು. ಬಿಲ್ಲು ಬೇಡ ಅಂದರೆ ಜಿಎಸ್‌ಟಿ ಉಳಿಯುತ್ತದೆ ಅಂತಲೂ ಅಂದರು. ನನಗೆ ಖುಷಿಯೋ ಖುಷಿ. ಒಂದು ಹಾಳೆಯ ಮೇಲೆ ಪೆನ್ನಲ್ಲಿ ಗೀಚಿಕೊಟ್ಟ ಲೆಕ್ಕ ಇಸಿದುಕೊಂಡು, ಮೂರು ಶೀಟು ಗಾಡಿಗೆ ಹಾಕಿಸಿದೆ.

ಮನೆಗೆ ಬಂದ ಮೇಲಾದರೂ ಅನುಮಾನ ಬರಬೇಕಿತ್ತು. ಎಂಟು ಅಡಿ, ನಾಲ್ಕು ಅಡಿ, 18 ಮಿಲಿಮೀಟರ್ ದಪ್ಪದ ಒಳ್ಳೆ ಶೀಟು ಮೂವತ್ತು ಕಿಲೋ ಮೇಲೆಯೇ ತೂಗುತ್ತದೆ. ಇವನ್ನು ನಾನೊಬ್ಬನೇ ಎತ್ತಿ ಶೆಡ್ಡಿಗೆ ಒಯ್ದೆ. ನನ್ನ ತೋಳಿನ ಬಗ್ಗೆ ಹೆಮ್ಮೆ ಪಟ್ಟೆ ನೋಡಿ! ಗರಗಸ ಹಾಕಿದಾಗ ಒಳಪದರಿನಲ್ಲಿ ಬೆರಳು ತೂರುವಷ್ಟು ತೂತುಗಳು. ಅವಕ್ಕೆ ಮರದ ಪುಡಿ, ಅಂಟು ಕಲಸಿ ತುಂಬಿ ಸನ್‌ಮೈಕಾ ಹಚ್ಚಿಬಿಟ್ಟೆ. ದೀಪಾವಳಿ ಹೊತ್ತಿಗೆ ಕಪಾಟು ನಿಂತಿತು. ಮಷಿನ್ ಪಕ್ಕ ಆರಡಿ ಎತ್ತರದ್ದು, ಮೇಲೆ ಗೋಡೆಗೆ ಇನ್ನೊಂದು ಚಿಕ್ಕದು. ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಅದನ್ನೇ ತೋರಿಸಿದೆ.

ಜೂನ್‌ವರೆಗೆ ಏನೂ ಆಗಲಿಲ್ಲ. ಆಮೇಲೆ ಬಾಗಿಲು ಕೆಳಗೆ ಉಜ್ಜತೊಡಗಿತು. ಹಿಂಜ್ ಸಡಿಲಾಗಿರಬೇಕು ಅಂತ ಸ್ಕ್ರೂ ಬಿಗಿ ಮಾಡಿದೆ. ವಾರದಲ್ಲಿ ಮತ್ತೆ ಅದೇ. ಆಗಸ್ಟ್‌ನಲ್ಲಿ ತಳದ ಅಂಚು ಉಬ್ಬಿ ಸನ್‌ಮೈಕಾ ಬಾಯಿ ಬಿಟ್ಟಿತು. ಹದಿನೆಂಟರ ಹಲಗೆ ಅಳೆದರೆ ಇಪ್ಪತ್ತಾರು! ಕಡೆಗೊಂದು ದಿನ ಸಿಕ್ಕಿಕೊಂಡ ಬಾಗಿಲನ್ನು ಜಗ್ಗಿದೆ. ಸ್ಕ್ರೂಗಳು ಒದ್ದೆ ಹೊಟ್ಟಿನ ಸಮೇತ ಹೊರಗೆ ಬಂದವು. ಪುಣ್ಯಕ್ಕೆ ಆ ಹೊತ್ತಿಗೆ ಮಗಳು ಅಲ್ಲಿರಲಿಲ್ಲ. ನಾನಂತೂ ಆ ರಾತ್ರಿಯೇ ಗೋಡೆಯ ಕಪಾಟನ್ನು ಖಾಲಿ ಮಾಡಿ ಕೆಳಗಿಳಿಸಿದೆ. ಐದು ಕಿಲೋ ಸೋಪಿನ ಪುಡಿ ಡಬ್ಬಿ ಅದರಲ್ಲೇ ಇತ್ತು.

ಉಳಿದ ಒಂದು ತುಂಡನ್ನು ಹಳೇ ಬೋಗುಣಿಯಲ್ಲಿ ಹಾಕಿ ಹಿತ್ತಲ ಒಲೆ ಮೇಲೆ ಕುದಿಸಿದೆ. ಮುಕ್ಕಾಲು ತಾಸು ಆಗಿರಲಿಲ್ಲ, ಚಿರೋಟಿ ಹಾಗೆ ಪದರು ಪದರು ಬಿಚ್ಚಿಕೊಂಡಿತು. ನೀರು ಮಾತ್ರ ಕೆಂಪು ಕೆಂಪು. ಬರೀ ಬಣ್ಣ. ಅಪ್ಪಟ ಐಎಸ್ 710 ಹಲಗೆಯ ಅಂಟಿಗೆ 72 ತಾಸು ಕುದಿಸುವ ಪರೀಕ್ಷೆ ಇದೆ. ಸಾಮಾನ್ಯ ಪ್ಲೈವುಡ್ಡಿನ ಐಎಸ್ 303ರಲ್ಲಿ ಬರುವ ಬಿಡಬ್ಲ್ಯುಆರ್‌ಗೆ (ಕುದಿನೀರು ತಡೆಯುವ ದರ್ಜೆ) 8 ತಾಸು. ಮರೈನ್‌ನಲ್ಲಿ ಫೀನಾಲ್ ಅಂಟು, ಅದು ಬಿಸಿನೀರಿಗೂ ಬಗ್ಗುವುದಿಲ್ಲ. ಅಗ್ಗದ ಎಂಆರ್ (ಬರೀ ತೇವ ತಡೆಯುವ ದರ್ಜೆ) ಹಲಗೆಯಲ್ಲಿ ಯೂರಿಯಾ ಅಂಟು. ಒಣ ಕೋಣೆಯ ಬೀರುವಿಗೆ ಅದು ನಡೆಯುತ್ತದೆ, ಬಚ್ಚಲ ಪಕ್ಕಕ್ಕೆ ನಡೆಯುವುದಿಲ್ಲ. ನೋಡಬೇಕಾದದ್ದು ಮೇಲ್ಮೈ ಬಣ್ಣವಲ್ಲ. ಕತ್ತರಿಸಿದ ಅಂಚಿನಲ್ಲಿ ಪದರುಗಳ ನಡುವಿನ ಗೆರೆ ಕಡುಗಂದು ಇದ್ದರೆ ಸಾಮಾನ್ಯವಾಗಿ ಫೀನಾಲ್. ನನ್ನದರಲ್ಲಿ ಗೆರೆಯೇ ಕಾಣುತ್ತಿರಲಿಲ್ಲ. (ಕುದಿಸಿದ ಬೋಗುಣಿಯಲ್ಲಿ ಮತ್ತೆ ಅಡುಗೆ ಬೇಡ. ನಮ್ಮ ಮನೆಯಲ್ಲಿ ಈ ಮಾತಿಗೇ ದೊಡ್ಡ ಜಗಳವಾಗಿದೆ.)

ಶಿಕ್ಕಾದ ವಿಷಯ ಆಮೇಲೆ ಗೊತ್ತಾಯಿತು. ನಿಜವಾದ ಐಎಸ್‌ಐ ಗುರುತಿನ ಮೇಲೆ ಐಎಸ್ ಸಂಖ್ಯೆ ಇರುತ್ತದೆ, ಕೆಳಗೆ ಸಿಎಂ/ಎಲ್ ಅಂತ ಲೈಸೆನ್ಸ್ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು, ಈ ಗುರುತು ಕೊಡುವ ಬಿಐಎಸ್ ಸಂಸ್ಥೆಯ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಯಾರ ಲೈಸೆನ್ಸು, ಯಾವ ಮಾಲಿಗೆ, ಈಗ ಚಾಲ್ತಿ ಇದೆಯಾ ಎಲ್ಲ ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ಎರಡು ನಿಮಿಷದಲ್ಲಿ ನೋಡಬಹುದು. ನನ್ನ ಶೀಟಿನಲ್ಲಿ 710 ಅಂತ ಅಂಕಿ ಬಿಟ್ಟರೆ ಬೇರೇನೂ ಇರಲಿಲ್ಲ. ಅಂಕಿ ಯಾರು ಬೇಕಾದರೂ ಒತ್ತಬಹುದು, ಅಲ್ವಾ?

ಉಬ್ಬಿದ ತುಂಡು ಹಿಡಿದು ಅಂಗಡಿಗೆ ಹೋದೆ. "ನೀರಾಗ ಇಟ್ರ ಯಾವ ಕಟ್ಟಿಗಿ ಉಳಿತದ್ರೀ?" ಅಂದರು. ಹೊಳೆಯ ಮಾತು ನೆನಪಿಸಿದೆ. ನಕ್ಕರು. ಆಮೇಲೆ, "ಬಿಲ್ ತೋರಸ್ರಿ" ಅಂದರು. ಅಲ್ಲಿಗೆ ನನ್ನ ಬಾಯಿ ಬಂದ್. ಗ್ರಾಹಕರ ಆಯೋಗ ನಮ್ಮೂರಲ್ಲೇ ಇದೆ. ಆದರೆ ಹೆಸರಿಲ್ಲದ, ಸಹಿಯಿಲ್ಲದ ಚೀಟಿ ಹಿಡಿದು ಏನಂತ ಹೋಗುವುದು? ತೆರಿಗೆ ಉಳಿಸಿದ ಶಾಣ್ಯಾತನಕ್ಕೆ ಮೂರು ಶೀಟು, ಸನ್‌ಮೈಕಾ, ಹಿಂಜ್, ಎಂಟು ಭಾನುವಾರ ಹೋದವು.

ತಪ್ಪೆಲ್ಲ ಅವರದೇ ಅನ್ನುವುದಿಲ್ಲ. ಕಪಾಟನ್ನು ಸೀದಾ ನೆಲದ ಮೇಲೆ ಕೂರಿಸಿದ್ದೆ. ಎದುರಿಗೆ ಕಾಣುವ ಅಂಚಿಗೆ ಪಟ್ಟಿ ಹಚ್ಚಿದೆ, ತಳ ಮತ್ತು ಹಿಂಬದಿ ಹಾಗೇ ಬಿಟ್ಟೆ. ಯಾರು ನೋಡುತ್ತಾರೆ ಅಂತ. ನೀರು ಒಳಗೆ ಹೋಗಿದ್ದು ಅಲ್ಲಿಂದಲೇ. ಪ್ಲೈವುಡ್ ಮೈಯಿಂದ ಕುಡಿಯುವುದಕ್ಕಿಂತ ಅಂಚಿನಿಂದ ಜಾಸ್ತಿ ಕುಡಿಯುತ್ತದೆ, ಒಳ್ಳೇದಾದರೂ ಅಷ್ಟೇ. ಪೈಪಿಗೆ ಕೊರೆದ ತೂತಿನ ಒಳಗೋಡೆಯೂ ಅಂಚೇ. ಅದಕ್ಕೂ ಬಣ್ಣ ಮುಟ್ಟಿಸಿರಲಿಲ್ಲ. ಮಷಿನ್‌ಗೆ ಕಪಾಟು ತಾಗಿಸಿ ಇಟ್ಟಿದ್ದು ಇನ್ನೊಂದು. ಬಟ್ಟೆ ಹಿಂಡುವಾಗ ಮಷಿನ್ ನಡುಗುತ್ತದೆ, ಆ ನಡುಕ ಸಡಿಲ ಸ್ಕ್ರೂಗಳನ್ನು ಇನ್ನಷ್ಟು ಸಡಿಲ ಮಾಡಿತು.

ಈಗ ಹೊಸದು ನಡೆದಿದೆ. ಬಿಲ್ಲು ಇದೆ, ಸಂಖ್ಯೆ ಆ್ಯಪ್‌ನಲ್ಲಿ ಸಿಕ್ಕಿದೆ. ಕೊಳ್ಳುವ ಮೊದಲೇ ಒಂದು ಅಂಗೈಯಗಲ ತುಂಡು ಬೇಡಿ ತಂದು ಇಡೀ ಭಾನುವಾರ ಎಂಟು ತಾಸು ಕುದಿಸಿದೆ. ತುಂಡು ಕೊಡಲ್ಲ ಅಂದ ಎರಡು ಅಂಗಡಿ ಬಿಟ್ಟೆ. ಕೊಟ್ಟವರ ತುಂಡು ಬಿಚ್ಚಲಿಲ್ಲ. ಕೆಳಗೆ ನಾಲ್ಕು ಇಂಚಿನ ಪ್ಲಾಸ್ಟಿಕ್ ಕಾಲು, ಎಲ್ಲ ಅಂಚಿಗೂ ಎರಡು ಸಲ ನೀರು ತಡೆಯುವ ಎಪಾಕ್ಸಿ ಲೇಪ, ಮಷಿನ್ ಸುತ್ತ ಎರಡು ಬೆರಳು ಜಾಗ.

ಹಳೇ ಹಲಗೆಗಳು ಹಿತ್ತಲಲ್ಲಿ ಬಿದ್ದಿವೆ. ಹಂಡೆ ಒಲೆಗೆ ಹಾಕೋಣ ಅಂತ ಅವ್ವ ದಿನಾ ಕೇಳುತ್ತಾಳೆ. ಅಂಟಿನ ಹೊಗೆ ಒಳ್ಳೇದಲ್ಲ, ಬೇಡ ಅಂದಿದ್ದೇನೆ. ಮಳೆಯಲ್ಲಿ ಪದರೆಲ್ಲ ಬಿಚ್ಚಿದೆ. ಮೂಲೆಯ 710 ಮಾತ್ರ ಒಂಚೂರೂ ಅಳಿಸಿಲ್ಲ.