ಒಂಬತ್ತು ವರ್ಷದಿಂದ ಎಸಿಎಸ್ ಭಾಷೆ ಬಳಸುತ್ತಿದ್ದೇನೆ: ಇಷ್ಟ ಇದೆ, ಆದ್ರೆ ಕೋಟ್ ಗುರುತಿನ ಹತ್ತಿರ ಹುಷಾರು

ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಜೆಡ್/ಓಎಸ್‌ನಲ್ಲಿ ಸ್ಟೋರೇಜ್ ನೋಡಿಕೊಳ್ಳುವ ಭಾಗ ಡಿಎಫ್‌ಎಸ್‌ಎಂಎಸ್. ಅದರಲ್ಲಿ ಎಸಿಎಸ್ (ಆಟೊಮ್ಯಾಟಿಕ್ ಕ್ಲಾಸ್ ಸೆಲೆಕ್ಷನ್) ರೂಟೀನ್, ಅಂದ್ರೆ ಚಿಕ್ಕ ಪ್ರೋಗ್ರಾಂ, ಬರೆಯುವುದೇ ನನ್ನ ಕೆಲಸ. ಹೊಸ ಡೇಟಾಸೆಟ್ (ಮೇನ್‌ಫ್ರೇಮ್‌ನಲ್ಲಿ ಫೈಲ್‌ಗೆ ಹೇಳುವ ಹೆಸರು) ಯಾವ ಡಿಸ್ಕ್ ಗುಂಪಿಗೆ ಹೋಗಬೇಕು, ಎಷ್ಟು ದಿನ ಇರಬೇಕು, ಬ್ಯಾಕಪ್ ಬೇಕಾ ಬೇಡ್ವಾ ಅನ್ನೋದನ್ನೆಲ್ಲ ತೀರ್ಮಾನಿಸುವುದು ಈ ರೂಟೀನ್‌ಗಳೇ. ಡೇಟಾ ಕ್ಲಾಸ್, ಸ್ಟೋರೇಜ್ ಕ್ಲಾಸ್, ಮ್ಯಾನೇಜ್‌ಮೆಂಟ್ ಕ್ಲಾಸ್, ಸ್ಟೋರೇಜ್ ಗ್ರೂಪ್ ಅಂತ ನಾಲ್ಕು, ಇದೇ ಕ್ರಮದಲ್ಲಿ ಓಡುತ್ತವೆ.

ಭಾಷೆ ತುಂಬಾ ಚಿಕ್ಕದು. ಪ್ರಾಕ್, ಫಿಲ್ಟ್‌ಲಿಸ್ಟ್, ಇಫ್, ಸೆಲೆಕ್ಟ್, ಸೆಟ್, ರೈಟ್, ಎಕ್ಸಿಟ್, ಜೊತೆಗೆ ಡೂ ಮತ್ತು ಎಂಡ್. ಅಷ್ಟೇ. ಲೂಪ್ ಇಲ್ಲ, ಕೂಡಿ ಕಳೆಯುವ ಲೆಕ್ಕ ಇಲ್ಲ. ರೆಕ್ಸ್ ಅನ್ನೋ ಸ್ಕ್ರಿಪ್ಟ್ ಭಾಷೆ ಬರೆದು ಅಭ್ಯಾಸ ಇದ್ದ ನನಗೆ ಮೊದಲು ಕೈ ಕಟ್ಟಿ ಹಾಕಿದ ಹಾಗಾಗಿತ್ತು, ಈಗ ಅದೇ ಇಷ್ಟ, ಯಾಕಂದ್ರೆ ರಾತ್ರಿ ಎರಡು ಗಂಟೆಗೆ ಜಾಬ್ ಬಿದ್ದಾಗ ಬೇರೆಯವರು ಬರೆದ ರೂಟೀನನ್ನೂ ಮೇಲಿಂದ ಕೆಳಗೆ ಓದಿಕೊಂಡು ಹೋದರೆ ಸಾಕು, ಡೇಟಾಸೆಟ್ ಎಲ್ಲಿ ತಿರುಗಿತು ಅಂತ ಸಿಕ್ಕೇ ಸಿಗುತ್ತದೆ. ಸೆಲೆಕ್ಟ್‌ನಲ್ಲಿ ಮೊದಲು ಹೊಂದಿದ ವೆನ್‌ಗೇ (ಷರತ್ತಿನ ಸಾಲಿಗೇ) ಕೆಲಸ ಮುಗಿಯುತ್ತದೆ, ಕೆಳಗಿನವನ್ನು ನೋಡುವುದೇ ಇಲ್ಲ. ಹಾಗಾಗಿ ಕೆಲವಕ್ಕೇ ಹೊಂದುವ ಸಣ್ಣ ನಿಯಮ ಮೇಲೆ, ಹೆಚ್ಚಿನವಕ್ಕೆ ಹೊಂದುವ ದೊಡ್ಡದು ಕೆಳಗೆ.

ಈಗ ಕೋಟ್ ವಿಷಯ. ಪೇ.** ಅಂತ ಹಾಗೇ ಬರೆದರೆ ಅದು ಮಾಸ್ಕ್ (ಹೆಸರಿನ ಅಚ್ಚು), ಪೇ. ಇಂದ ಶುರುವಾಗುವ ಎಲ್ಲ ಹೆಸರಿಗೂ ಹೊಂದುತ್ತದೆ. ಅದನ್ನೇ 'ಪೇ.**' ಅಂತ ಕೋಟ್‌ನಲ್ಲಿಟ್ಟರೆ ಬರೀ ಅಕ್ಷರ, ನಕ್ಷತ್ರ ಚಿಹ್ನೆ ಸಮೇತ. ಅಂಥ ಹೆಸರಿನ ಡೇಟಾಸೆಟ್ ಇರುವುದೇ ಇಲ್ಲ ಅಲ್ವಾ! ನಾನು ಎರಡನೇ ವರ್ಷದಲ್ಲಿ ಹೀಗೆ ಬರೆದಿದ್ದೆ. ಟ್ರಾನ್ಸ್‌ಲೇಟ್ ಆಯಿತು, ವ್ಯಾಲಿಡೇಟ್ ಆಯಿತು, ಒಂದು ಎಚ್ಚರಿಕೆಯೂ ಬರಲಿಲ್ಲ. ಸಂಬಳದ ಫೈಲ್‌ಗಳೆಲ್ಲ ಅದರ್‌ವೈಸ್‌ಗೆ, ಅಂದ್ರೆ ಯಾವ ವೆನ್‌ಗೂ ಹೊಂದದವು ಹೋಗುವ ಕಡೆಗೆ, ಬಿದ್ದವು, ಅಲ್ಲಿ ಸ್ಟೋರೇಜ್ ಕ್ಲಾಸ್ ಖಾಲಿ ಇಟ್ಟಿದ್ದರಿಂದ ಎಸ್‌ಎಂಎಸ್ (ಸಿಸ್ಟಂ ತಾನೇ ಮಾಡುವ ಸ್ಟೋರೇಜ್) ನಿರ್ವಹಣೆಯಿಂದಲೇ ಹೊರಗೆ ಹೋದವು. ಸರಿಪಡಿಸಲು ಒಂದು ವಾರಾಂತ್ಯ ಪೂರ್ತಿ ಹೋಯಿತು.

ಸೈಜ್ ಹೋಲಿಸುವಾಗಲೂ ಅಷ್ಟೇ, ಸುಮ್ನೆ 500 ಅಂತ ಬರೆಯುವ ಹಾಗಿಲ್ಲ, 500 ಎಂಬಿ ಅಂತಲೇ ಬರೆಯಬೇಕು. ಇದು ಒಳ್ಳೆಯದೇ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ರೈಟ್ ಮತ್ತು ಎಕ್ಸಿಟ್ ಜೋಡಿ. ಯಾರಾದರೂ ತಪ್ಪು ಹೆಸರು ಕೊಟ್ಟರೆ ರೈಟ್‌ನಲ್ಲಿ ಕಾರಣ ಹೇಳಿ, ಎಕ್ಸಿಟ್‌ಗೆ ಸೊನ್ನೆಯಲ್ಲದ ಕೋಡ್ ಕೊಟ್ಟರೆ ಅಲೊಕೇಶನ್ (ಡೇಟಾಸೆಟ್‌ಗೆ ಜಾಗ ಕೊಡುವುದು) ಅಲ್ಲೇ ನಿಲ್ಲುತ್ತದೆ. ಮೆಸೇಜ್ ಸ್ಪಷ್ಟವಾಗಿ ಬರೆಯಿರಿ, ಆಚೆ ಕಡೆಯವರು ಅದನ್ನು ನೋಡಿಯೇ ಸರಿಮಾಡಿಕೊಳ್ಳುತ್ತಾರೆ.

ಐದರಲ್ಲಿ ನಾಲ್ಕು ಅಂಕ. ಕೋಟ್ ಒಳಗೆ ನಕ್ಷತ್ರ ಕಂಡಾಗ ಟ್ರಾನ್ಸ್‌ಲೇಟರ್ ಒಂದು ಎಚ್ಚರಿಕೆ ಕೊಟ್ಟ ದಿನ ಐದನೆಯದನ್ನೂ ಕೊಡುತ್ತೇನೆ. ಅಲ್ಲಿಯವರೆಗೆ ಪ್ರತಿ ಬದಲಾವಣೆಗೂ ಐಎಸ್‌ಎಂಎಫ್‌ನ (ಸ್ಟೋರೇಜ್ ನಿರ್ವಹಣೆಯ ಪರದೆಗಳ) ಹಳೇ ಟೆಸ್ಟ್ ಕೇಸ್‌ಗಳನ್ನೆಲ್ಲ ಇನ್ನೊಮ್ಮೆ ಓಡಿಸಿ ನೋಡುತ್ತೇನೆ.