ಆಕ್ಟೇವಿಯಾ ಕೊಂಬಿಗೆ ಚಕ್ರ, ಟೈರ್: 18 ಇಂಚಿನಿಂದ ಕೆಳಗಿಳಿದ ಏಳು ವರ್ಷಗಳು

ಸ್ಟುಟ್‌ಗಾರ್ಟಿನ ಹೊರವಲಯದ ನಮ್ಮ ಮನೆಗೆ 2018ರ ವಸಂತದಲ್ಲಿ ಸ್ಕೋಡಾ ಆಕ್ಟೇವಿಯಾ ಕೊಂಬಿ ಬಂದಾಗ ಅದಕ್ಕೆ ಆಗಲೇ ಮೂರು ವರ್ಷ. 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 180 ಅಶ್ವಶಕ್ತಿ, ಮುಂದಿನ ಚಕ್ರಗಳಿಗೆ ಚಾಲನೆ, ಹಿಂದೆ 610 ಲೀಟರಿನ ಡಿಕ್ಕಿ. ಮಕ್ಕಳಿಬ್ಬರ ಸೈಕಲ್ಲು, ತಿಂಗಳ ದಿನಸಿ, ಊರಿನಿಂದ ಬರುವ ಅಮ್ಮನ ಎರಡು ಸೂಟ್‌ಕೇಸ್, ಎಲ್ಲವೂ ಹಿಡಿಸುವ ಕಾರು. ಆದರೆ ಕೊಳ್ಳುವ ದಿನ ನಾನು ಮರುಳಾದದ್ದು ಡಿಕ್ಕಿಗಲ್ಲ, ಹಿಂದಿನ ಮಾಲೀಕರು ಹಾಕಿಸಿದ್ದ 18 ಇಂಚಿನ ಅಲಾಯ್ ಚಕ್ರಗಳಿಗೆ. ಈಗ ಅದೇ ಕಾರು ಬೇಸಿಗೆಯಲ್ಲಿ 17, ಚಳಿಗಾಲದಲ್ಲಿ 16 ಇಂಚಿನ ಚಕ್ರಗಳ ಮೇಲೆ ಓಡುತ್ತಿದೆ. ಇಳಿದದ್ದಕ್ಕೆ ಒಂದು ದಿನವೂ ಬೇಸರವಾಗಿಲ್ಲ. ನೋಟದ ವಿಷಯದಲ್ಲಿ ಸ್ವಲ್ಪ ಆಗಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಸ್ವಲ್ಪ ಲೆಕ್ಕ. ಟೈರಿನ ಮೇಲೆ 225/40 ಆರ್18 ಎಂದಿದ್ದರೆ ಅಗಲ 225 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 40, ಅಂದರೆ 90 ಮಿ.ಮೀ.; ಕೊನೆಯ 18 ಒಳಗಿನ ಲೋಹದ ಚಕ್ರದ ವ್ಯಾಸ, ಇಂಚುಗಳಲ್ಲಿ. 225/45 ಆರ್17ರಲ್ಲಿ ಅದು 101 ಮಿ.ಮೀ. ಆಗುತ್ತದೆ, 205/55 ಆರ್16ರಲ್ಲಿ 113. ಹೊರಗಿನ ವ್ಯಾಸ ಮಾತ್ರ ಕ್ರಮವಾಗಿ 637, 634, 632 ಮಿ.ಮೀ. ನೆಲದಿಂದ ಅಳೆದರೆ ಮೂರೂ ಹೆಚ್ಚುಕಡಿಮೆ ಒಂದೇ ಎತ್ತರ, ಸ್ಪೀಡೋಮೀಟರಿಗೂ ಗೊಂದಲವಿಲ್ಲ. ಬದಲಾಗುವುದು ಆ ಎತ್ತರದಲ್ಲಿ ಲೋಹವೆಷ್ಟು, ಗಾಳಿ ತುಂಬಿದ ರಬ್ಬರೆಷ್ಟು ಎನ್ನುವುದು. ಹೊಂಡದ ಏಟನ್ನು ತಿನ್ನುವುದು ರಬ್ಬರು, ಲೋಹವಲ್ಲ.

ಇದನ್ನು ನನಗೆ ಮನದಟ್ಟು ಮಾಡಿಸಿದ್ದು ಅಮ್ಮನ ಸೊಂಟ. 2019ರ ಬೇಸಿಗೆಯಲ್ಲಿ ಅರಸೀಕೆರೆಯಿಂದ ಬಂದವರು ಹಿಂದಿನ ಸೀಟಿನಲ್ಲಿ ಕುಳಿತು ಎರಡನೆಯ ದಿನವೇ, ಜರ್ಮನಿಯ ರಸ್ತೆಯನ್ನು ಇಷ್ಟು ಹೊಗಳುತ್ತೀರಲ್ಲ, ಕಾರಿನಲ್ಲಿ ಕೂತರೆ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತ ಹಾಗಿದೆ ಎಂದರು. ನಾನು ವಾದಕ್ಕಿಳಿದೆ. ಅದೇ ಶರತ್ಕಾಲದಲ್ಲಿ, ರಸ್ತೆ ಕಾಮಗಾರಿ ನಡೆಯುತ್ತಿದ್ದ ಕಡೆ ಡಾಂಬರಿನ ಅಂಚೊಂದು ನನ್ನ ವಾದ ಮುಗಿಸಿತು. ಮುಂದಿನ ಬಲಗಡೆಯ ರಿಮ್ ಬಾಗಿತು, ಟೈರಿನ ಪಕ್ಕೆಯಲ್ಲಿ ಕೋಳಿಮೊಟ್ಟೆಯ ಗಾತ್ರದ ಉಬ್ಬು ಎದ್ದಿತು. ಕಾರಿನಲ್ಲಿ ಸ್ಟೆಪ್ನಿ ಇರಲಿಲ್ಲ, ಪಂಕ್ಚರ್ ಮುಚ್ಚುವ ದ್ರಾವಣದ ಬಾಟಲಿ ಇತ್ತು. ಪಕ್ಕೆಯೊಳಗಿನ ದಾರ ಹರಿದು ಎದ್ದ ಉಬ್ಬಿಗೆ ಆ ಬಾಟಲಿಯಿಂದ ಏನೂ ಆಗದು. ಮಕ್ಕಳೊಂದಿಗೆ ಟೋ ಗಾಡಿಗೆ ಕಾಯುತ್ತಾ ನಿಂತ ಒಂದೂವರೆ ಗಂಟೆಯಲ್ಲಿ 17 ಇಂಚಿನ ನಿರ್ಧಾರವಾಯಿತು.

ಟರ್ಬೊ ಕಾರಿಗೆ ದೊಡ್ಡ ಚಕ್ರವೇ ಬೇಕಲ್ಲವೇ ಎಂದು ಗೆಳೆಯರು ಈಗಲೂ ಕೇಳುತ್ತಾರೆ. ಈ ಎಂಜಿನ್ 250 ನ್ಯೂಟನ್ ಮೀಟರ್ ತಿರುಚುಬಲವನ್ನು (ಟಾರ್ಕ್) ನಿಮಿಷಕ್ಕೆ 1,250 ಸುತ್ತುಗಳಲ್ಲೇ ಕೊಡುತ್ತದೆ. ಮಳೆಯಲ್ಲಿ ಸಿಗ್ನಲಿನಿಂದ ಹೊರಡುವಾಗ ಕಾಲು ಕೊಂಚ ಭಾರವಾದರೂ ಮುಂದಿನ ಚಕ್ರ ಜಾರಿ ಡ್ಯಾಶ್‌ಬೋರ್ಡಿನ ಹಳದಿ ದೀಪ ಮಿನುಗುತ್ತದೆ. 18 ಇಂಚಿನ ಸವೆದ ಟೈರಿನಲ್ಲಿ ಅದು ದಿನಕ್ಕೆ ನಾಲ್ಕು ಸಲ ಮಿನುಗುತ್ತಿತ್ತು. 17 ಇಂಚಿನ ಹೊಸ ಟೈರಿನಲ್ಲಿ ವಾರಕ್ಕೊಮ್ಮೆ. ಎರಡರ ಅಗಲವೂ 225 ಮಿ.ಮೀ. ಹಿಡಿತ ಇರುವುದು ರಬ್ಬರಿನ ಗುಣದಲ್ಲಿ, ಟೈರಿನ ಮೈಮೇಲೆ ಉಳಿದಿರುವ ಅಚ್ಚಿನ (ಗೀರುಗಳ) ಆಳದಲ್ಲಿ. ಇಂಚಿಗೆ ಸುರಿಯುವ ಹಣವನ್ನು ಟೈರಿಗೆ ಸುರಿಯಬೇಕು ಎನ್ನುವುದು ಅಂದಿನಿಂದ ನನ್ನ ಹಟ.

ತೂಕವನ್ನೂ ನೋಡಿದೆ. ಊರಿಗೆ ಹೊರಡುವ ಮುನ್ನ ಸೂಟ್‌ಕೇಸ್ 23 ಕೆ.ಜಿ. ದಾಟಿತೇ ಎಂದು ತೂಗುವ ಕೊಕ್ಕೆ ತಕ್ಕಡಿಗೆ ಚಕ್ರಗಳನ್ನು ನೇತುಹಾಕಿದೆ. ಟೈರ್ ಸಮೇತ 18 ಇಂಚಿನದು 21.6 ಕೆ.ಜಿ., 16ರದು 17.2. ಚಕ್ರಕ್ಕೆ 4.4 ಕೆ.ಜಿ. ಇಳಿಕೆ.

2020ರಲ್ಲಿ ಸ್ಕೋಡಾದ್ದೇ ಹಳೆಯ 17 ಇಂಚಿನ ಚಕ್ರಗಳನ್ನು ಕೊಂಡು ಮಿಷೆಲಿನ್ ಪ್ರೈಮಸಿ 4 ಹಾಕಿಸಿದೆ. ಟೈರಿನ ಮೇಲೆ 94ಡಬ್ಲ್ಯೂ ಎಂದಿದೆ: 94 ಅಂದರೆ ಒಂದು ಟೈರ್ 670 ಕೆ.ಜಿ. ಹೊರುತ್ತದೆ, ಡಬ್ಲ್ಯೂ ಅಂದರೆ ಗಂಟೆಗೆ 270 ಕಿ.ಮೀ. ವೇಗದವರೆಗೆ ತಡೆಯುತ್ತದೆ. 91ರ ಟೈರಾದರೆ 615 ಕೆ.ಜಿ. ಕಾಗದದ ಪ್ರಕಾರ ನನ್ನ ಕಾರಿಗೆ ಅದೂ ಸಾಕು. ಆದರೆ ಐದು ಜನ ಕೂತು, ಡಿಕ್ಕಿ ತುಂಬಿಸಿ, ತಲೆಯ ಮೇಲೆ ಪೆಟ್ಟಿಗೆ ಏರಿಸಿಕೊಂಡು ಇಟಲಿಗೆ ಹೋಗುವ ಸಂಸಾರ ನಮ್ಮದು. ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಬದಲಿಸುತ್ತಾ 41,000 ಕಿ.ಮೀ. ಓಡಿಸಿ 2023ರಲ್ಲಿ ಅದನ್ನೇ ಮತ್ತೆ ಕೊಂಡೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಸದ್ದು ಕಡಿಮೆ. ತಿರುವಿನಲ್ಲಿ ಸ್ಟಿಯರಿಂಗ್ ಮೊದಲಿನಷ್ಟು ಚುರುಕಿಲ್ಲ, ನಿಜ. ಹಿಂದಿನ ಸೀಟಿನಲ್ಲಿ ವಾಂತಿ ಮಾಡುವ ಮಗ ಇರುವವರಿಗೆ ಆ ಚುರುಕಿನಿಂದ ಲಾಭವೂ ಇಲ್ಲ.

ಚಳಿಗಾಲದ ಚಕ್ರದ ಕಥೆ ಇದಕ್ಕೂ ಹಿಂದಿನದು, ನಾನು ಪಾಠ ಕಲಿತದ್ದು ಅಲ್ಲೇ. 2018ರ ಅಕ್ಟೋಬರಿನಲ್ಲಿ ಬೇರೆ ಕಂಪನಿಯ 16 ಇಂಚಿನ ಅಲಾಯ್‌ಗಳನ್ನು ಅಗ್ಗಕ್ಕೆ ಕೊಂಡೆ. ಐದು ಬೋಲ್ಟ್, ಅವು ಕೂರುವ 112 ಮಿ.ಮೀ. ವ್ಯಾಸದ ವೃತ್ತ, ಎಲ್ಲವೂ ಆಕ್ಟೇವಿಯಾಕ್ಕೆ ಸರಿ. ನಡುವಿನ ರಂಧ್ರ ಮಾತ್ರ 66.6 ಮಿ.ಮೀ., ಆ ರಂಧ್ರದೊಳಗೆ ಕೂರುವ ನನ್ನ ಕಾರಿನ ಹಬ್ 57.1. ನಡುವಿನ ಸಂದನ್ನು ಪ್ಲಾಸ್ಟಿಕ್ ಬಳೆಯಿಂದ ತುಂಬಬೇಕು. ಹಾಕಿಕೊಟ್ಟ ಗ್ಯಾರೇಜಿನವರು ಒಂದು ಬಳೆಯನ್ನು ಮರೆತಿದ್ದರು. 110ರ ವೇಗಕ್ಕೆ ಸ್ಟಿಯರಿಂಗ್ ರಾಗಿ ಬೀಸುವ ಕಲ್ಲಿನಂತೆ ಗಡಗಡಿಸತೊಡಗಿತು. ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ, ಹಣ ಹೋಯಿತು, ನಡುಕ ಹೋಗಲಿಲ್ಲ. ಕೊನೆಗೆ ಇನ್ನೊಂದು ಅಂಗಡಿಯ ಹಿರಿಯ ಮೆಕ್ಯಾನಿಕ್ ಚಕ್ರ ಬಿಚ್ಚಿ ತೋರಿಸಿದಾಗ ಬಳೆಗಿಂತ ದೊಡ್ಡ ತಪ್ಪು ಕಂಡಿತು. ಸ್ಕೋಡಾದ ಬೋಲ್ಟಿನ ತಲೆಯಡಿ ಚೆಂಡಿನಂತೆ ದುಂಡಗಿರುತ್ತದೆ. ಆ ಅಲಾಯ್‌ಗೆ ಬೇಕಿದ್ದದ್ದು ಶಂಕುವಿನಾಕಾರದ್ದು. ದುಂಡನೆಯದು ಶಂಕುವಿನ ಗುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ, ಎಷ್ಟು ಬಿಗಿದರೂ ಸಡಿಲವಾಗುತ್ತದೆ. ಮೂರು ವಾರ ಆ ಬೋಲ್ಟುಗಳ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಆಟೋಬಾನಿನಲ್ಲಿ ಓಡಾಡಿದ್ದೆ. ಆ ಚಕ್ರಗಳನ್ನು ಮಾರಿ ಸ್ಕೋಡಾದ್ದೇ ಹಳೆಯ 16 ಇಂಚಿನವನ್ನು ತಂದೆ. ಅಂದಿನಿಂದ ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಲ್ಲಿ ನಾನೇ 120 ನ್ಯೂಟನ್ ಮೀಟರಿಗೆ ಬಿಗಿಯುತ್ತೇನೆ, 50 ಕಿ.ಮೀ. ಓಡಿಸಿ ಇನ್ನೊಮ್ಮೆ ನೋಡುತ್ತೇನೆ.

ಇಲ್ಲಿ ಹಿಮ, ಮಂಜುಗಡ್ಡೆಯ ರಸ್ತೆಗೆ ಚಳಿಗಾಲದ ಟೈರಿಲ್ಲದೆ ಇಳಿದರೆ 60 ಯೂರೋ ದಂಡ, ಜೊತೆಗೆ ಚಾಲಕನ ದಾಖಲೆಯಲ್ಲಿ ತಪ್ಪಿಗೊಂದು ಪಾಯಿಂಟ್. ಟೈರಿನ ಮೇಲೆ ಹಳೆಯ ಎಂ+ಎಸ್ (ಕೆಸರು, ಹಿಮ) ಗುರುತಿದ್ದರೆ ಈಗ ಸಾಲದು. 2024ರ ಅಕ್ಟೋಬರಿನಿಂದ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇರಲೇಬೇಕು. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಎನ್ನುವುದು ಇಲ್ಲಿಯವರ ರೂಢಿ. ನಾನು ಮೊದಲು ಕಾಂಟಿನೆಂಟಲ್ ಟಿಎಸ್ 860, 2022ರಿಂದ ಟಿಎಸ್ 870 ಬಳಸುತ್ತಿದ್ದೇನೆ. ಶ್ವೇಬಿಷ್ ಆಲ್ಬ್ ಬೆಟ್ಟದ ಏರಿನಲ್ಲಿ, ಹಿಂದಿನ ರಾತ್ರಿ ಬಿದ್ದ ಹಿಮದ ಮೇಲೆ ಈ ಟೈರ್ ಕಾರನ್ನು ಎಳೆದೊಯ್ದು ಮನೆ ಮುಟ್ಟಿಸಿದೆ. ವೇಗದ ಗುರುತು ಎಚ್, ಅಂದರೆ 210 ಕಿ.ಮೀ. ಕಾರು ಅದಕ್ಕಿಂತ ವೇಗವಾಗಿ ಓಡಬಲ್ಲದಾದ್ದರಿಂದ ಚಾಲಕನ ಕಣ್ಣಿಗೆ ಬೀಳುವಂತೆ 210ರ ಚೀಟಿ ಅಂಟಿಸುವುದು ಕಡ್ಡಾಯ. ಅದನ್ನು ನೋಡಿ ಮಗ ಪ್ರತಿ ಚಳಿಗಾಲವೂ, ಒಮ್ಮೆ 210 ಓಡಿಸು ಅಪ್ಪ ಎನ್ನುತ್ತಾನೆ.

ಎಲ್ಲ ಋತುಗಳ ಟೈರ್ ಬಗ್ಗೆಯೂ ಯೋಚಿಸಿದ್ದೆ. ಹಿಮ ಅಪರೂಪವಾದ ರೈನ್ ಕಣಿವೆಯಲ್ಲಿದ್ದಿದ್ದರೆ ಅದನ್ನೇ ಹಾಕಿಸಿ ವರ್ಷಕ್ಕೆರಡು ಸಲದ ಈ ಸರ್ಕಸ್ಸನ್ನು ಬಿಡುತ್ತಿದ್ದೆ. ಆದರೆ ನಾವು ಪ್ರತಿ ಕ್ರಿಸ್ಮಸ್ ರಜೆಗೆ ಆಸ್ಟ್ರಿಯಾದ ಟಿರೋಲಿಗೆ, ಫರ್ನ್‌ಪಾಸ್ ಎಂಬ ಬೆಟ್ಟದ ದಾರಿ ದಾಟಿ ಹೋಗುತ್ತೇವೆ. ಜರ್ಮನಿಯಲ್ಲಿ ಅಚ್ಚು 1.6 ಮಿ.ಮೀ. ಇದ್ದರೂ ಕಾನೂನು ಒಪ್ಪುತ್ತದೆ. ಆಸ್ಟ್ರಿಯಾದಲ್ಲಿ 4 ಮಿ.ಮೀ.ಗಿಂತ ಕಡಿಮೆಯಾದರೆ ಅದು ಚಳಿಗಾಲದ ಟೈರೇ ಅಲ್ಲ. ಕಳೆದ ವಾರ ಅಳೆದೆ: ಮುಂದೆ 4.5, ಹಿಂದೆ 5.2. ಈ ಡಿಸೆಂಬರ್ ನಡೆಯುತ್ತದೆ, ಮುಂದಿನ ವರ್ಷದ ಡಿಸೆಂಬರಿಗೆ ಹೊಸದು ಬೇಕು.

ಈ ಕಾರಿನ ಒಂದು ಅನುಕೂಲವನ್ನೂ ಹೇಳಬೇಕು. ಗಾಳಿ ಕಡಿಮೆಯಾದದ್ದನ್ನು ಅದು ಚಕ್ರ ತಿರುಗುವ ವೇಗದಿಂದಲೇ ಲೆಕ್ಕ ಹಾಕುತ್ತದೆ. ಹಾಗಾಗಿ ಎರಡನೆಯ ಜೊತೆ ಚಕ್ರಗಳಿಗೆ ಬೇರೆ ಸೆನ್ಸರ್ ಕೊಳ್ಳುವ ಖರ್ಚಿಲ್ಲ. ಗಾಳಿಯ ಅಳತೆ ಪೆಟ್ರೋಲ್ ಮುಚ್ಚಳದ ಒಳಗಡೆ ಅಂಟಿಸಿದೆ. ತುಂಬಿದ ಕಾರಿಗೆ ಬೇರೆ ಅಂಕಿ ಇದೆ, ಅದನ್ನು ಓದದೆ ಇಟಲಿಗೆ ಹೊರಡಬೇಡಿ.

ಇನ್ನು ನೋಟ. ಈ ಉದ್ದನೆಯ ಕಪ್ಪು ಕಾರಿಗೆ 16 ಇಂಚಿನ ಚಕ್ರ ಹಾಕಿದರೆ ರೇಷ್ಮೆ ಸೀರೆ ಉಟ್ಟು ಹವಾಯಿ ಚಪ್ಪಲಿ ಮೆಟ್ಟಿದ ಹಾಗೆ ಕಾಣುತ್ತದೆ ಎನ್ನುವುದು ನನ್ನ ಹೆಂಡತಿಯ ಮಾತು. ಒಪ್ಪುತ್ತೇನೆ. 18 ಇಂಚಿನವುಗಳಲ್ಲಿ ಮೂರನ್ನು ಮಾರಿದೆ. ಬಾಗಿದ ನಾಲ್ಕನೆಯದನ್ನು ಯಾರೂ ಕೊಳ್ಳಲಿಲ್ಲ. ಬಾಲ್ಕನಿಯಲ್ಲಿ ಅದರ ಮೇಲೆ ಅವಳ ಕರಿಬೇವಿನ ಕುಂಡ ಕೂತಿದೆ. ಟೈರ್ ಬದಲಿಸುವ ದಿನವೇ ಕುಂಡವನ್ನೂ ಎತ್ತಿ ಒಳಗಿಡುತ್ತೇವೆ.